ಸಿಗರೇಟು ಬಿಟ್ಟವರ ಬಳಗ: ಫೋನ್ ಸೇವೆಗೆ ಪೂರ್ಣಾಂಕ, ಚಪ್ಪಾಳೆಗೆ ಇಲ್ಲ

ಸಿಗರೇಟು ಬಿಡಬೇಕೆಂದಿರುವವನಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಜೀವಮಾನದಲ್ಲಿ ಒಂದು ದಮ್ಮೂ ಎಳೆಯದವರು ‘ಮನಸ್ಸು ಗಟ್ಟಿ ಮಾಡಿ’ ಎನ್ನುತ್ತಾರೆ. ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಅಂಕಿ ಇಲ್ಲದ ಮಾತು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಹತ್ತು ಜನ ಸುತ್ತಲೂ ಕುಳಿತು ಪರಸ್ಪರ ಬೆನ್ನು ತಟ್ಟಿಕೊಳ್ಳುವ ಜಾಗಕ್ಕೆ ನಾನಾಗಿ ಹೋಗುವವನೂ ಅಲ್ಲ. ವೈದ್ಯರು ಚೀಟಿಯಲ್ಲಿ ನಿಕೋಟಿನ್ ಗಮ್ (ಸಿಗರೇಟಿನ ಬದಲು ಬಾಯಲ್ಲಿ ಅಗಿಯುವ ಔಷಧಿ) ಬರೆದು, ಅದರ ಕೆಳಗೇ ಈ ಬಳಗದ ವಿಳಾಸವನ್ನೂ ಬರೆದು, ‘ಎರಡೂ ಔಷಧಿಯೇ. ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಬೇಡಿ’ ಎಂದರು. ಹಾಗಾಗಿ ಹೋದೆ. ಈಗಲೂ ಹೋಗುತ್ತಿದ್ದೇನೆ.

ಸೇವೆ ಇಷ್ಟು: ವಾರಕ್ಕೊಂದು ಸಂಜೆ ಒಂದು ಗಂಟೆಯ ಸಭೆ, ಹೊಸದಾಗಿ ಬಂದವರಿಗೆ ಒಬ್ಬ ಜೊತೆಗಾರ ಮತ್ತು ಅವರ ಫೋನ್ ನಂಬರು, ಸಿಗರೇಟಿನ ಹೊಗೆಯಿಂದ ಉಸಿರಿಗೆ ಸೇರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಅಳೆಯುವ ಒಂದು ಪುಟ್ಟ ಯಂತ್ರ. ಶುಲ್ಕವಿಲ್ಲ. ನಡೆಸುವವರೆಲ್ಲ ಒಂದು ಕಾಲಕ್ಕೆ ಸೇದುತ್ತಿದ್ದವರೇ.

ಇದರಲ್ಲಿ ನಿಜವಾದ ಸರಕೆಂದರೆ ಆ ಜೊತೆಗಾರ. ಯಾರ ಬುದ್ಧಿವಂತಿಕೆಯೋ ಗೊತ್ತಿಲ್ಲ, ಹೊಸಬರಿಗೆ ಇಲ್ಲಿ ಸಾಮಾನ್ಯವಾಗಿ ಹಳೆಯ ಹುಲಿಗಳನ್ನು ಜೊತೆ ಮಾಡುವುದಿಲ್ಲ. ಕೆಲವೇ ತಿಂಗಳ ಹಿಂದೆ ಬಿಟ್ಟವರನ್ನು ಕೊಡುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಬಿಟ್ಟವರಿಗೆ ಆ ಮೊದಲ ವಾರ ಮರೆತುಹೋಗಿರುತ್ತದೆ. ಅವರ ಬಾಯಲ್ಲಿ ಉಳಿದಿರುವುದು ಉಪದೇಶ ಮಾತ್ರ. ನನಗೆ ಸಿಕ್ಕ ಜೊತೆಗಾರ ಲಾರಿ ಚಾಲಕ, ನನಗಿಂತ ಬಹಳ ಚಿಕ್ಕವನು. ಮೊದಲ ಸಂಜೆಯೇ ಅವನು ಹೇಳಿದ್ದು: ‘ಸರ್, ನಾಳೆ, ನಾಳಿದ್ದು ನಿಮಗೆ ಕಂಡಕಂಡವರ ಮೇಲೆ ರೇಗಬೇಕೆನ್ನಿಸುತ್ತದೆ. ಮನೆಯಲ್ಲಿ ಇವತ್ತೇ ಹೇಳಿಟ್ಟುಬಿಡಿ. ಆಮೇಲೆ ಕ್ಷಮೆ ಕೇಳುವುದು ತಪ್ಪುತ್ತದೆ.’ ಹೇಳಿಟ್ಟೆ. ರೇಗಿದೆ. ಮನೆಯವರು ಗಡಿಯಾರ ನೋಡಿ ನಕ್ಕರು.

ಅವನ ಮಾತು ಊಹೆಯಲ್ಲ. ನಿಕೋಟಿನ್ ನಿಂತ ಮೊದಲ ಎರಡು ಮೂರು ದಿನ ಸಿಡುಕು, ಚಡಪಡಿಕೆ, ಮಂಕು ಎಲ್ಲ ತುದಿಗೇರುತ್ತವೆ. ಅಲ್ಲಿಂದ ಇಳಿಯತೊಡಗಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದೊಳಗೆ ಬಹುಪಾಲು ತಣ್ಣಗಾಗುತ್ತವೆ. ಎಳೆದ ಹೊಗೆಯಲ್ಲಿನ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಸೇದುವವನ ದಿನವೆಲ್ಲ ಇಳಿದದ್ದನ್ನು ತುಂಬಿಸಿಕೊಳ್ಳುವುದರಲ್ಲೇ ಕಳೆಯುವುದು. ಇದನ್ನೆಲ್ಲ ಕರಪತ್ರದಲ್ಲಿ ಓದಬಹುದು. ಆದರೆ ‘ನಾಳೆ ಸಂಜೆ ನಿಮಗೆ ಹೀಗಾಗುತ್ತದೆ’ ಎಂದು ಹೆಸರು ಹಿಡಿದು ಹೇಳುವವರು ಒಬ್ಬರಿದ್ದರೆ, ಹಾಗಾದಾಗ ಹೆದರಿಕೆಯಾಗುವುದಿಲ್ಲ. ನನ್ನ ಮಟ್ಟಿಗೆ ಪ್ರೋತ್ಸಾಹ ಎಂದರೆ ಇದೇ.

ಫೋನ್ ಸೇವೆಯ ವಿಚಾರಕ್ಕೆ ಬರುತ್ತೇನೆ. ಸೇದಬೇಕೆನ್ನುವ ತುಡಿತ ಎದ್ದರೆ ಅದು ಸಾಮಾನ್ಯವಾಗಿ ಕೆಲವು ನಿಮಿಷಗಳ ಆಟ. ಕೊಟ್ಟರೂ ಹೋಗುತ್ತದೆ, ಕೊಡದಿದ್ದರೂ ಹೋಗುತ್ತದೆ. ಆ ಕೆಲವು ನಿಮಿಷಕ್ಕೆ ಒಬ್ಬ ಮನುಷ್ಯ ಬೇಕು. ವರ್ಷಾಂತ್ಯದ ಲೆಕ್ಕ ಮುಗಿಸುವ ಒತ್ತಡದಲ್ಲಿ ಒಂದು ರಾತ್ರಿ ಕಚೇರಿಯ ಮೆಟ್ಟಿಲಲ್ಲಿ ನಿಂತು ಫೋನ್ ಮಾಡಿದೆ. ಹೊತ್ತಾಗಿತ್ತು. ಅವನು ಎತ್ತಿದ.

‘ನಿಂತಿದ್ದೀರೋ ಕುಳಿತಿದ್ದೀರೋ, ಸರ್?’

‘ನಿಂತಿದ್ದೇನೆ.’

‘ಪಕ್ಕದಲ್ಲಿ ಯಾರಾದರೂ ಸೇದುತ್ತಿದ್ದಾರೆಯೇ?’

‘ಇಬ್ಬರು.’

‘ಹಾಗಾದರೆ ಎರಡು ಮಹಡಿ ಹತ್ತಿ. ಫೋನ್ ಇಡಬೇಡಿ.’

ಹತ್ತಿದೆ. ಏದುಸಿರು ಬಿಡುತ್ತಿದ್ದ ನನಗೆ ಅವನು ತನ್ನ ಲಾರಿಯ ಕ್ಲಚ್ ಪ್ಲೇಟು ಸವೆದ ಕತೆ ಶುರು ಮಾಡಿದ. ಮೆಕ್ಯಾನಿಕ್ ಹಳೆಯ ಪ್ಲೇಟನ್ನೇ ಒರೆಸಿ ಹಾಕಿ ಹೊಸದರ ದುಡ್ಡು ಕೇಳಿದನಂತೆ. ರಸೀದಿ ಇಸಿದುಕೊಂಡೆಯಾ ಎಂದು ನಾನು ಕೇಳಿದೆ. ಇಲ್ಲವೆಂದ. ರಸೀದಿಯಿಲ್ಲದೆ ದುಡ್ಡು ಕೊಡುವುದು ಎಂಥ ಮೂರ್ಖತನ ಎಂದು ನಾನು ಅವನಿಗೆ ಬೈಯುತ್ತಾ ಹೋದೆ. ಮಾತು ಮುಗಿಯುವಷ್ಟರಲ್ಲಿ, ಫೋನ್ ಮಾಡಿದ್ದು ಯಾತಕ್ಕೆಂಬುದೇ ನನಗೆ ಮರೆತುಹೋಗಿತ್ತು. ಸಿಗರೇಟಿನ ಸುದ್ದಿಯನ್ನು ಅವನೂ ಎತ್ತಲಿಲ್ಲ. ಇಂಥ ಕೆಲಸವನ್ನು ಯಾವ ಭಾಷಣಕಾರನೂ ಮಾಡಲಾರ.

ಗಮ್ಮಿನ ವಿಷಯದಲ್ಲಿ ಮಾತ್ರ ಬಳಗದೊಳಗೇ ಎರಡು ಪಕ್ಷವಿದೆ. ಹಳಬರಲ್ಲಿ ಕೆಲವರು ಮೂಗು ಮುರಿಯುತ್ತಾರೆ: ‘ಒಂದು ಚಟ ಬಿಟ್ಟು ಇನ್ನೊಂದು ಹಿಡಿದಂತೆ.’ ಇದು ನನಗೆ ಒಪ್ಪಿಗೆಯಿಲ್ಲ, ಸಭೆಯಲ್ಲೂ ಹೇಳಿದ್ದೇನೆ. ಸಿಗರೇಟಿಗೆ ಕಟ್ಟಿಹಾಕುವುದು ನಿಕೋಟಿನ್ ನಿಜ. ಆದರೆ ಶ್ವಾಸಕೋಶವನ್ನು ತಿನ್ನುವುದು ಹೊಗೆ. ಆ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳು, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಗಮ್ಮಿನಲ್ಲಿ ಹೊಗೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೊಗೆಯಿಲ್ಲದೆ ನಿಕೋಟಿನ್ ಕೊಡುವ ಇಂಥ ಬದಲಿಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್‌ಗಳಂಥವು ಸಿಗರೇಟು ಬಿಡುವ ಸಾಧ್ಯತೆಯನ್ನು ಶೇ 50ರಿಂದ 60ರಷ್ಟು ಏರಿಸುತ್ತವೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಪರಾಮರ್ಶೆ ಹೇಳುತ್ತದೆ. ಇಷ್ಟು ಲಾಭದ ಬಾಬನ್ನು ಹಠಕ್ಕಾಗಿ ಬಿಟ್ಟುಕೊಡುವುದು ನನ್ನ ವೃತ್ತಿಗೆ ಒಗ್ಗುವುದಿಲ್ಲ.

ಆದರೆ ಅದನ್ನು ಬಳಸುವುದು ಹೇಗೆಂದು ಅಂಗಡಿಯವನು ಹೇಳಲಿಲ್ಲ. ಹೇಳಿದವರು ಬಳಗದಲ್ಲಿದ್ದ ಹೊಲಿಗೆಯ ಕೆಲಸದ ಒಬ್ಬ ಅಮ್ಮ. ನನ್ನ ದವಡೆ ಆಡುವುದನ್ನು ನೋಡಿ, ‘ಅಯ್ಯೋ, ಹಾಗೆ ಅಗಿಯಬಾರದಪ್ಪ. ಬಿಕ್ಕಳಿಕೆ ಬರುತ್ತದೆ ನೋಡಿ’ ಎಂದರು. ಅಷ್ಟರಲ್ಲಿ ಬಿಕ್ಕಳಿಕೆ ಬಂದೇ ಇತ್ತು. ಕ್ರಮ ಹೀಗೆ: ಮೆಲ್ಲನೆ ಕೆಲವು ಸಲ ಅಗಿಯಬೇಕು, ನಾಲಗೆ ಚುರುಗುಟ್ಟಿದೊಡನೆ ನಿಲ್ಲಿಸಿ ಕೆನ್ನೆಗೂ ವಸಡಿಗೂ ನಡುವೆ ಒತ್ತರಿಸಿ ಇಡಬೇಕು. ಚುರುಕು ಅಡಗಿದ ಮೇಲೆ ಮತ್ತೆ ಅಗಿದು, ಇನ್ನೊಂದು ಬದಿಗೆ ಇಡಬೇಕು. ಹೀಗೆ ಒಂದು ಗಮ್ ಅರ್ಧ ಗಂಟೆ ಬರುತ್ತದೆ. ನಿಕೋಟಿನ್ ಬಾಯಿಯ ಒಳಪೊರೆಯಿಂದ ರಕ್ತ ಸೇರಬೇಕು. ಎಂಜಲಿನೊಂದಿಗೆ ನುಂಗಿದರೆ ಹೊಟ್ಟೆಯಲ್ಲಿ ಉರಿ, ಮೇಲಾಗಿ ಬಹುಪಾಲನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಮುಗಿಸಿಬಿಡುತ್ತದೆ. ಕಾಫಿ, ಹಣ್ಣಿನ ರಸ, ಸೋಡಾದಂಥ ಹುಳಿ ಗುಣದವುಗಳನ್ನು ಗಮ್ಮಿಗೆ 15 ನಿಮಿಷ ಮೊದಲೂ, ಗಮ್ ಬಾಯಲ್ಲಿರುವಾಗಲೂ ಮುಟ್ಟಬಾರದು. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಒಳಗೆ ಇಳಿಯುವುದಿಲ್ಲ. ‘ಗಮ್ ಕೆಲಸವನ್ನೇ ಮಾಡುವುದಿಲ್ಲ’ ಎಂದು ದೂರುವವರು ಕಾಫಿಯ ಲೋಟ ಕೈಯಲ್ಲಿ ಹಿಡಿದೇ ದೂರುತ್ತಿರುತ್ತಾರೆ.

ಗಮ್ 2 ಮತ್ತು 4 ಮಿಲಿಗ್ರಾಂ ಎಂದು ಎರಡು ಬಗೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾ ಹನ್ನೆರಡು ವಾರಕ್ಕೆ ಮುಗಿಸುವುದು ಪೊಟ್ಟಣದ ಮೇಲಿನ ಸಾಮಾನ್ಯ ಲೆಕ್ಕ. ರುಚಿಯ ಬಗ್ಗೆ ಏನೂ ಹೇಳದಿರುವುದೇ ಮರ್ಯಾದೆ. ಬಳಗದ ನಿವೃತ್ತ ಮೇಷ್ಟ್ರೊಬ್ಬರು ಇದರ ಹುಟ್ಟಿನ ಕತೆ ಹೇಳಿದರು: ಸ್ವೀಡನ್ನಿನ ಜಲಾಂತರ್ಗಾಮಿಗಳಲ್ಲಿ ಸೇದುವಂತಿರಲಿಲ್ಲ, ನಾವಿಕರು ಬಾಯಲ್ಲಿ ತಂಬಾಕು ಇಟ್ಟುಕೊಂಡು ದಿನ ದೂಡುತ್ತಿದ್ದರು. ಅದನ್ನು ಗಮನಿಸಿದ ಸಂಶೋಧಕರ ಮಾತಿನಿಂದ ಓವೆ ಫೆರ್ನೋ ಎಂಬ ವಿಜ್ಞಾನಿಗೆ ಈ ಗಮ್ಮಿನ ದಾರಿ ಹೊಳೆಯಿತು.

ಆ ಹೊಲಿಗೆಯ ಅಮ್ಮನಿಂದಲೇ ಇನ್ನೊಂದು ತಿಳಿಯಿತು, ಇದು ನನ್ನ ಚೀಟಿಯಲ್ಲೂ ಇರಲಿಲ್ಲ. ಬಿಟ್ಟ ಮೇಲೆ ನಿದ್ದೆ ಬರುತ್ತಿಲ್ಲ, ಎದೆ ಡವಗುಟ್ಟುತ್ತದೆ ಎಂದು ಹೊಸಬರೊಬ್ಬರು ಅಳುಕುತ್ತಾ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಕಾಫಿ ಎಷ್ಟು?’ ಹೊಗೆಯಲ್ಲಿನ ಟಾರಿನ (ಅಂಟಾದ ಕಪ್ಪು ಜಿಡ್ಡಿನ) ಅಂಶಗಳು ಯಕೃತ್ತಿನ ಒಂದು ಕಿಣ್ವವನ್ನು ಕೆರಳಿಸಿ, ಕೆಫೀನ್ ಬೇಗ ಕರಗುವಂತೆ ಮಾಡಿರುತ್ತವೆ. ಸಿಗರೇಟು ನಿಂತಾಗ ಆ ವೇಗವೂ ನಿಲ್ಲುತ್ತದೆ. ಅದೇ ಎರಡು ಲೋಟ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಮೂರ್ನಾಲ್ಕು ಲೋಟದಷ್ಟು ಕಾಟ ಕೊಡುತ್ತದೆ. ಜನ ಅದನ್ನು ಸಿಗರೇಟು ಬಿಟ್ಟದ್ದರ ಫಲವೆಂದುಕೊಂಡು ಮತ್ತೆ ಹಚ್ಚುತ್ತಾರೆ. ಕಾಫಿಯನ್ನು ಅರ್ಧಕ್ಕಿಳಿಸಿದರೆ ಸಾಕು. ಉಬ್ಬಸದ ಥಿಯೋಫಿಲಿನ್, ಮನೋರೋಗದ ಕ್ಲೋಜಪಿನ್‌ನಂಥ ಔಷಧಿ ತೆಗೆದುಕೊಳ್ಳುವವರು ಇದೇ ಕಾರಣಕ್ಕೆ ಬಿಡುವ ಮೊದಲೇ ವೈದ್ಯರಿಗೆ ತಿಳಿಸಬೇಕು; ಪ್ರಮಾಣ ಬದಲಿಸಬೇಕಾಗಬಹುದು.

ಉಸಿರಿನ ಯಂತ್ರ ನನಗೆ ಮೆಚ್ಚು. ಉಸಿರು ಹಿಡಿದು, ನಿಧಾನವಾಗಿ ಕೊಳವೆಗೆ ಊದಬೇಕು. ಒಂದು ಸಂಖ್ಯೆ ಬರುತ್ತದೆ. ಬಿಟ್ಟ ಒಂದೆರಡು ದಿನಕ್ಕೆಲ್ಲ ಅದು ಸೇದದವರ ಮಟ್ಟಕ್ಕೆ ಇಳಿಯುತ್ತದೆ. ಇನ್ನೂ ಕೆಮ್ಮು ಹೋಗಿಲ್ಲ, ಮುಖದಲ್ಲಿ ಕಳೆಯಿಲ್ಲ, ತೂಕ ಬೇರೆ ಏರುತ್ತಿದೆ ಎನ್ನುವ ದಿನಗಳಲ್ಲಿ ಕಣ್ಣಿಗೆ ಕಾಣುವ ಪುರಾವೆ ಎಂದರೆ ಅದೊಂದೇ.

ಇನ್ನು ದೂರು. ಸಭೆಯ ಗೋಡೆಗೆ ಒಂದು ಹಲಗೆಯಿದೆ. ಎಲ್ಲರ ಹೆಸರು, ಅದರ ಮುಂದೆ ಬಿಟ್ಟ ದಿನಗಳ ಸಂಖ್ಯೆ. ಸಂಖ್ಯೆ ಏರಿದಾಗ ಚಪ್ಪಾಳೆ. ಯಾರಾದರೂ ಒಂದು ಸಿಗರೇಟು ಸೇದಿದರೆ ಒರೆಸಿ ಸೊನ್ನೆ ಬರೆಯುತ್ತಾರೆ. ತಿಂಗಳುಗಟ್ಟಲೆ ಬಿಟ್ಟಿದ್ದ ಒಬ್ಬರು ತಂದೆ ತೀರಿಕೊಂಡ ರಾತ್ರಿ ಎರಡು ಸೇದಿದರು, ಮರುವಾರ ಬಂದು ತಾವೇ ಹೇಳಿದರು. ಸೊನ್ನೆ ಬಿತ್ತು. ಆಮೇಲೆ ಅವರು ಸಭೆಗೆ ಬರಲಿಲ್ಲ. ಒಂದು ದಿನದ ನಷ್ಟಕ್ಕೆ ಇಡೀ ವರ್ಷದ ಖಾತೆಯನ್ನೇ ಸೊನ್ನೆಗಿಳಿಸುವ ಸಂಸ್ಥೆಯನ್ನು ನನ್ನ ವೃತ್ತಿಯಲ್ಲಿ ನಾನು ನೋಡಿಲ್ಲ. ಸೇದುವ ಮೊದಲು ‘ಒಂದು ದಮ್ಮೂ ಬೇಡ’ ಎನ್ನುವುದು ಸರಿ, ಬಿಗಿಯಾಗಿಯೇ ಹೇಳಬೇಕು. ಸೇದಿಬಿಟ್ಟ ಮೇಲೆ ಹೇಳಬೇಕಾದ ಮಾತು ಬೇರೆ: ಪೊಟ್ಟಣ ಎಸೆಯಿರಿ, ನಾಳೆ ಬನ್ನಿ. ಅದನ್ನು ಹಲಗೆ ಹೇಳಲಿಲ್ಲ. ಅವರ ಜೊತೆಗಾರರು ಫೋನ್ ಮಾಡಿ ಹೇಳಿದರಂತೆ. ಅವರು ಈಗ ಫೋನಿನಲ್ಲಷ್ಟೇ ಬಳಗದಲ್ಲಿದ್ದಾರೆ.

ಚಿಲ್ಲರೆ ದೂರುಗಳೂ ಇವೆ. ಹೊತ್ತಿಗೆ ಸರಿಯಾಗಿ ಶುರುವಾಗುವುದಿಲ್ಲ. ಕಪ್ಪಾದ ಶ್ವಾಸಕೋಶದ ಚಿತ್ರಗಳನ್ನು ಆಗಾಗ ತೋರಿಸುತ್ತಾರೆ. ಅದನ್ನು ಪೊಟ್ಟಣದ ಮೇಲೆ ವರ್ಷಗಟ್ಟಲೆ ನೋಡಿಯೇ ನಾವೆಲ್ಲ ಸೇದಿದ್ದು. ತಂಬಾಕು ಅಗಿಯುವವರು ಬಂದರೆ ಇಲ್ಲಿ ಯಾರಿಗೂ ಏನು ಹೇಳಬೇಕೆಂದು ತೋಚುವುದಿಲ್ಲ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಹೋಗುವವರಿಗೆ ಎರಡು ಸೂಚನೆ: ನಿಮಗೆ ಕೊಟ್ಟ ಜೊತೆಗಾರ ಬಿಟ್ಟು ವರ್ಷಗಳೇ ಆಗಿದ್ದರೆ, ಇತ್ತೀಚೆಗೆ ಬಿಟ್ಟವರನ್ನು ಕೇಳಿ ಪಡೆಯಿರಿ, ನಾಚಿಕೆ ಬೇಡ, ಬದಲಾಯಿಸಿ ಕೊಡುತ್ತಾರೆ. ಹಲಗೆಯಲ್ಲಿ ಹೆಸರು ಬರೆಸುವುದು ಕಡ್ಡಾಯವಲ್ಲ, ನಾನು ಬರೆಸಿಲ್ಲ. ಕಡಿದ ಒಂದು ಅಂಕ ಆ ಹಲಗೆಯದು; ಅದನ್ನು ಇಳಿಸಿದ ದಿನ ಬಂದು ಸೇರಿಸುತ್ತೇನೆ.