ಇಳಿಜಾರಿನಲ್ಲಿ ಗೇರಾ, ನ್ಯೂಟ್ರಲ್ಲಾ?

ನ್ಯೂಟ್ರಲ್‌ಗೆ ಹಾಕಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಈಗಲೂ ಬಹಳ ಜನ ನಂಬಿದ್ದಾರೆ. ನನ್ನದು 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್. ಎಂಜಿನ್ನಿನ ಲೆಕ್ಕ ಓದಲು ಕಾರಿನಲ್ಲೇ ಇರುವ ಒಬಿಡಿ ಸಾಕೆಟ್‌ಗೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ, ಪಕ್ಕದಲ್ಲಿ ಕೂತ ತಮ್ಮನ ಕೈಗೆ ಫೋನ್ ಕೊಟ್ಟು ಎರಡನ್ನೂ ನೋಡಿದೆ.

ಮೂರನೇ ಗೇರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸ್ವಲ್ಪದರಲ್ಲೇ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂದ್. ಪೆಟ್ರೋಲ್ ಸೊನ್ನೆ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮಾತ್ರ 2000ದ ಆಸುಪಾಸಿನಲ್ಲೇ ಇರುತ್ತದೆ, ಯಾಕೆಂದರೆ ಈಗ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರ. ನ್ಯೂಟ್ರಲ್‌ಗೆ ತಂದ ಕೂಡಲೇ ಆರ್‌ಪಿಎಂ 800ಕ್ಕೆ ಬೀಳುತ್ತದೆ, ಇಂಜೆಕ್ಟರ್ ಮತ್ತೆ ಶುರು. ಎಂಜಿನ್ ಆಫ್ ಆಗದೇ ಇರಬೇಕಾದರೆ ಪೆಟ್ರೋಲ್ ಬೇಕಲ್ವಾ? ಅಂಬಾಸಡರ್, ಪದ್ಮಿನಿ, ಹಳೇ ಮಾರುತಿ 800ರಲ್ಲಿ ಇಂಜೆಕ್ಟರ್ ಬದಲು ಇದ್ದ ಕಾರ್ಬುರೇಟರ್‌ಗೆ ಹೀಗೆ ತಾನಾಗಿ ಪೆಟ್ರೋಲ್ ನಿಲ್ಲಿಸಲು ಬರುತ್ತಿರಲಿಲ್ಲ, ಹಾಗಾಗಿ ಆ ಕಾಲದ ಡ್ರೈವರ್‌ಗಳ ಲೆಕ್ಕ ಅವರ ಗಾಡಿಗೆ ಸರಿಯೇ.

ನ್ಯೂಟ್ರಲ್ ಗೆಲ್ಲುವ ಜಾಗವೂ ಇದೆ. ಹಾಸನದಿಂದ ಸಕಲೇಶಪುರದ ಕಡೆ ಸಿಗುವಂಥ ಸಣ್ಣ ಇಳಿಜಾರಿನಲ್ಲಿ ಗೇರ್ ಗಾಡಿಯನ್ನು ಹಿಡಿದು ಎಳೆಯುತ್ತದೆ, ವೇಗ ಇಳಿಯುತ್ತದೆ, ಮತ್ತೆ ಆಕ್ಸಿಲರೇಟರ್ ಒತ್ತಬೇಕು. ನ್ಯೂಟ್ರಲ್‌ನಲ್ಲಾದರೆ ಸುಮ್ನೆ ಉರುಳಿಕೊಂಡು ಹೋಗುತ್ತದೆ, ಒಟ್ಟು ಖರ್ಚು ಚೂರು ಕಡಿಮೆ. ಆದರೆ ಉಳಿದ ದುಡ್ಡು ಒಂದು ಕಾಫಿಗೂ ಸಾಲದು. ಮೇಲಾಗಿ ಎದುರಿಗೆ ದನ ಬಂದರೆ, ತಪ್ಪಿಸಿಕೊಂಡು ಮುಂದೆ ನುಗ್ಗೋಣ ಅಂದರೆ ಮೊದಲು ಗೇರ್ ಹುಡುಕಬೇಕು!

ಘಾಟಿಯಲ್ಲಂತೂ ಹೋಲಿಕೆಯೇ ಇಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ, ತಿರುವಿಗೆ ಮೊದಲು ಬ್ರೇಕ್ ಮುಟ್ಟಿದರೆ ಸಾಕು. ಎರಡು ತಿರುವಿನ ನಡುವೆ, ಹಿಂದೆ ಮುಂದೆ ಯಾರೂ ಇಲ್ಲದಾಗ ನ್ಯೂಟ್ರಲ್‌ಗೆ ತಂದೆ. ವೇಗ ಸರ್ರನೆ ಏರಿತು, ಕಾಲು ಬ್ರೇಕ್ ಬಿಟ್ಟು ಏಳಲೇ ಇಲ್ಲ. ಹೀಗೇ ಕೊನೆಯವರೆಗೆ ಇಳಿದರೆ ಬ್ರೇಕ್ ಪ್ಯಾಡ್ ಬಿಸಿಯಾಗುತ್ತದೆ, ಇನ್ನೂ ಜಾಸ್ತಿಯಾದರೆ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ. ಕೆಳಗೆ ತಲುಪುವಾಗ ಮುಂದಿನ ವ್ಯಾನಿನಿಂದ ಸುಟ್ಟ ಬ್ರೇಕ್ ಲೈನರ್ ವಾಸನೆ ಬಂದರೆ ಅಲ್ಲಿ ನಡೆದಿರುವುದು ಇದೇ. ಹತ್ತಿದ ಗೇರಿನಲ್ಲೇ ಇಳಿ ಅನ್ನುವ ಲಾರಿಯವರ ಮಾತು ಕಾರಿಗೂ ಸರಿ. ಕ್ಲಚ್ ಒತ್ತಿಕೊಂಡೇ ಇಳಿಯುವುದೂ ನ್ಯೂಟ್ರಲ್ಲೇ, ಅದನ್ನು ಬೇರೆ ಅಂದುಕೊಳ್ಳಬೇಡಿ.

ಇನ್ನು ಎಂಜಿನ್ನೇ ಆಫ್ ಮಾಡಿ ಇಳಿಸುವವರಿದ್ದಾರಲ್ಲ, ಅವರ ಕಾರಿನಲ್ಲಿ ನಾನಂತೂ ಕೂರುವುದಿಲ್ಲ. ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್‌ನ ವ್ಯಾಕ್ಯೂಮ್ (ನಿರ್ವಾತ) ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ, ಪವರ್ ಸ್ಟೇರಿಂಗೂ ಇರುವುದಿಲ್ಲ.