ಭೋಸರಿಯಲ್ಲಿ ಮಾಡಿಸಿದ ಗೋಡೆ, ಮುನಸ್ಯಾರಿಯ ಚಳಿ

ಉತ್ತರಾಖಂಡದ ಹಳ್ಳಿಗಳಲ್ಲಿ ಹೊರಗಿನವರು ಮನೆಗೆಂದು ಕೊಳ್ಳಬಹುದಾದದ್ದು 250 ಚದರ ಮೀಟರ್ ಜಾಗ. ಅಷ್ಟನ್ನೇ ಮುನಸ್ಯಾರಿ ಹತ್ತಿರ ಕೊಂಡೆವು. ಎತ್ತರ ಸುಮಾರು 2,200 ಮೀಟರ್, ಎದುರಿಗೇ ಪಂಚಚೂಲಿ ಶಿಖರಗಳು. ಗೋಡೆ, ಚಾವಣಿಯ ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಚಳಿ ತಡೆಯುವ ಫೋಮ್ ತುಂಬಿದ ಹಲಗೆ) ಮಾಡಿಸಿದ್ದು ನಮ್ಮ ಪುಣೆಯ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ.

ಅಲ್ಲಿನ ಮೇಸ್ತ್ರಿ ವಿಜಯಪುರದವರು. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಚಹಾ ತರಿಸಿದರು. "ಅಕ್ಕಾರ, ದಪ್ಪ ಎಷ್ಟು ಅನ್ನೋದು ಆಮ್ಯಾಲ. ಮೊದಲ ಸಂದಿ ನೋಡ್ರಿ, ಚಳಿ ಬರೋದ ಅಲ್ಲಿಂದ" ಅಂದರು. 100 ಎಂಎಂ ಸಾಕೆಂದೂ ಅವರೇ ಹೇಳಿದರು. ಕೊನೆಯ ಏರು ಹೊತ್ತುಕೊಂಡೇ ಹತ್ತಬೇಕು ಅಂದಾಗ ಪ್ಯಾನೆಲ್‌ಗಳನ್ನು ಆರಡಿಗೆ ಕತ್ತರಿಸಿ, ಒಂದೊಂದರ ಮೇಲೂ ಬಣ್ಣದಲ್ಲಿ ನಂಬರ್ ಬರೆದುಕೊಟ್ಟರು. ಅಲ್ಲಿನ ಹುಡುಗರು ನಂಬರ್ ನೋಡಿಕೊಂಡೇ ಐದು ದಿನದಲ್ಲಿ ನಿಲ್ಲಿಸಿದರು.

ಕಿಟಕಿ ಮಾತ್ರ ಬೇರೆ ಅಂಗಡಿಯದು, ಅಲ್ಯೂಮಿನಿಯಂ ಚೌಕಟ್ಟು. ಜನವರಿಯ ಮೊದಲ ಬೆಳಿಗ್ಗೆ ಎದ್ದರೆ ಚೌಕಟ್ಟಿನುದ್ದಕ್ಕೂ ನೀರ ಹನಿ ಸಾಲುಗಟ್ಟಿ, ಕೆಳಗಿದ್ದ ಹಾಸಿಗೆಯ ಅಂಚು ತೊಯ್ದಿತ್ತು. ಗಾಜು ಎರಡು ಪದರದ್ದೇ. ಚಳಿ ಒಳಬಂದದ್ದು ಲೋಹದ ಮೂಲಕ. ಆ ಅಂಗಡಿಯವರು ಫೋನೇ ಎತ್ತಲಿಲ್ಲ, ನನಗೆ ಬಹಳ ನೋವಾಯಿತು. ಕೊನೆಗೆ ಮೇಸ್ತ್ರಿಯವರೇ ಅಳತೆ ಕೇಳಿಕೊಂಡು ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿ ಮಾಡಿಸಿ ಕಳಿಸಿದರು.

ಪ್ಯಾನೆಲ್ ಗೋಡೆ ಮುಟ್ಟಿದರೆ ಒಣ, ಬೆಚ್ಚಗೆ. ಪ್ಯಾನೆಲ್ ಮಾಡಿಕೊಡಲು ಆರು ವಾರ ಅಂದದ್ದು ಒಂಬತ್ತಾಯಿತು, ಮೇಸ್ತ್ರಿಯವರ ಮೇಲೆ ಅದೊಂದೇ ದೂರು. ಬುಖಾರಿ ಒಲೆ ಆರಿಸಿ ಮಲಗಿದರೂ ಬೆಳಗಿನವರೆಗೆ ಅಮ್ಮನಿಗೆ ಎರಡನೇ ರಜಾಯಿ ಬೇಕಾಗಲಿಲ್ಲ.