ಟ್ಯಾಂಕ್ ಹೊರೋ ಫ್ಲಾಟ್‌ಕಾರ್ ಮಾಡೆಲ್: ಐದು ವರ್ಷ ಓಡಿಸಿದ ಮೇಲೆ

ಈ ಮಾಡೆಲ್ ರೈಲಿನ ಸೆಟ್ ತಗೊಂಡು ಐದು ವರ್ಷ ದಾಟ್ತು. ಎಚ್‌ಒ ಸ್ಕೇಲ್, ಅಂದ್ರೆ 1:87, ನಿಜವಾದ ಗಾಡಿಯ 87ನೇ ಒಂದು ಭಾಗದ ಅಳತೆ. ಅಮೆರಿಕದ ರಕ್ಷಣಾ ಇಲಾಖೆಯ 68 ಅಡಿ ಫ್ಲಾಟ್‌ಕಾರ್, ಅಂದ್ರೆ ಗೋಡೆ ಚಾವಣಿ ಇಲ್ಲದ ಚಪ್ಪಟೆ ವ್ಯಾಗನ್, ಎರಡು, ಒಂದೊಂದರ ಮೇಲೂ ಎರಡೆರಡು ಎಂ1 ಏಬ್ರಮ್ಸ್ ಯುದ್ಧ ಟ್ಯಾಂಕು. ಪಕ್ಕದಲ್ಲಿ ಡಿಒಡಿಎಕ್ಸ್ ಅಂತ ಅಕ್ಷರ ಇದೆ, ಕೊನೇಲಿ ಎಕ್ಸ್ ಬಂದ್ರೆ ಆ ವ್ಯಾಗನ್ ರೈಲ್ವೆ ಕಂಪನಿದಲ್ಲ, ಬೇರೆ ಮಾಲೀಕರದ್ದು ಅಂತ ಅರ್ಥ. ಮಾಡಿದ ಕಂಪನಿ ಹೆಸರು ಇಲ್ಲಿ ಹಾಕಿಲ್ಲ, ಯಾಕಂದ್ರೆ ನಾನು ಹೇಳೋ ತೊಂದರೆಗಳಲ್ಲಿ ಮುಕ್ಕಾಲು ಭಾಗ ಯಾರ ಫ್ಲಾಟ್‌ಕಾರ್ ತಗೊಂಡ್ರೂ ಎದುರಾಗೋದೇ, ಅದಕ್ಕೆ ಹೆಸರಿಗಿಂತ ಪರಿಹಾರ ಮುಖ್ಯ.

ನಾನು ಇದನ್ನ ಇಷ್ಟಪಟ್ಟಿದ್ದು ಆರು ಆಕ್ಸಲ್ ಇದೆ ಅಂತ. ಸುಮ್ಮನೆ ಚಂದಕ್ಕೆ ಇಟ್ಟಿರೋ ಆರು ಆಕ್ಸಲ್ ಅಲ್ಲ ಅದು. ಅಮೆರಿಕದಲ್ಲಿ ನಾಲ್ಕು ಆಕ್ಸಲ್ ವ್ಯಾಗನ್ ಲೋಡ್ ಸಮೇತ ಸಾಮಾನ್ಯವಾಗಿ 2,86,000 ಪೌಂಡ್ ದಾಟಬಾರದು, ಹತ್ತತ್ರ 130 ಟನ್. ಏಬ್ರಮ್ಸ್‌ನಲ್ಲೇ ಎಂ1ಎ1 ಅನ್ನೋ ಮಾದರಿಯ ಒಂದು ಟ್ಯಾಂಕೇ ಸುಮಾರು 57 ಟನ್, ಎರಡಿಟ್ರೆ 114 ಆಯ್ತು, ಉಳಿದ 16 ಟನ್‌ನಲ್ಲಿ ಇಷ್ಟು ಉದ್ದದ ಉಕ್ಕಿನ ಗಾಡಿ ಮಾಡಕ್ಕಾಗಲ್ಲ, ಹಾಗಾಗಿ ಎರಡೂ ತುದೀಲಿ ಮೂರು ಮೂರು ಆಕ್ಸಲ್ ಬಂತು. ಆ ಲೆಕ್ಕ ಗೊತ್ತಾದ ಮೇಲೆ ಗಾಡಿ ನೋಡೋ ಕಣ್ಣೇ ಬೇರೆ ಆಗುತ್ತೆ, ಮಾಡೆಲ್‌ನಲ್ಲೂ ಆ ಭಾರ ಕಾಣಿಸ್ಬೇಕು ಅನ್ಸುತ್ತೆ. ನನ್ನ ಐದು ವರ್ಷದ ಕೆಲಸ ಎಲ್ಲಾ ಅದೊಂದಕ್ಕೇ ಹೋಯ್ತು.

ಆದ್ರೆ ಪೆಟ್ಟಿಗೆಯಿಂದ ತೆಗೆದಾಗ ಭಾರ ಇರಲಿಲ್ಲ. ಅಮೆರಿಕದ ಮಾಡೆಲ್ ರೈಲಿನವರ ಸಂಘ ಎನ್‌ಎಂಆರ್‌ಎ ಅಂತಿದೆ, ಅವರ ಶಿಫಾರಸು ಏನಂದ್ರೆ ಎಚ್‌ಒ ವ್ಯಾಗನ್‌ಗೆ ಮೊದಲು 1 ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಈ ಗಾಡಿ ಸುಮಾರು 9.4 ಇಂಚು, ಅಂದ್ರೆ 5.7 ಔನ್ಸ್, 160 ಗ್ರಾಂ ಇರ್ಬೇಕು. ತೂಕ ಹಾಕಿದ್ರೆ ಖಾಲಿ ಗಾಡಿ 96 ಗ್ರಾಂ, ಎರಡು ಟ್ಯಾಂಕ್ ಇಟ್ರೂ 131. ಬಾಕ್ಸ್‌ಕಾರ್, ಅಂದ್ರೆ ಮುಚ್ಚಿದ ಪೆಟ್ಟಿಗೆಯಂಥ ವ್ಯಾಗನ್ ಆಗಿದ್ರೆ ಒಳಗಡೆ ಎರಡು ನಟ್ ಅಂಟಿಸಿ ಸುಮ್ಮನಾಗ್ತಿದ್ವಿ, ಫ್ಲಾಟ್‌ಕಾರ್‌ಗೆ ಒಳಗಡೆ ಅನ್ನೋದೇ ಇಲ್ಲ. ಟ್ಯಾಂಕ್ ಇಳಿಸಿ ಖಾಲಿ ಗಾಡೀನ ಉದ್ದದ ರೈಲಿನ ಮಧ್ಯ ಹಾಕಿದಾಗಂತೂ ತಿರುವಿನಲ್ಲಿ ಮುಂದಿನೋರು ಎಳೆದು ಹಿಂದಿನೋರು ಜಗ್ಗಿ ಇದನ್ನ ಒಳಗಡೆಗೆ ಎತ್ತಿ ಮಲಗಿಸ್ತಿದ್ವು.

ತೂಕ ಸೇರಿಸಕ್ಕೆ ಎರಡು ಜಾಗ ಸಿಕ್ತು. ಒಂದು, ಗಾಡಿ ಕೆಳಗೆ ಮಧ್ಯ ಹೋಗೋ ತೊಲೆಯ ಎರಡೂ ಮಗ್ಗುಲು. ಅಲ್ಲಿ ಹಿತ್ತಾಳೆ ಪಟ್ಟಿ ಕೂರಿಸಿದೆ, 40 ಗ್ರಾಂ ಬಂತು, ಪಕ್ಕದಿಂದ ನೋಡಿದ್ರೆ ಏನೂ ಕಾಣಲ್ಲ. ಇನ್ನೊಂದು ಟ್ಯಾಂಕಿನ ಹೊಟ್ಟೆ, ಅದು ಪೂರ್ತಿ ಟೊಳ್ಳು. ಅಲ್ಲಿ ಸೀಸದ ಚೂರು ತುಂಬಿದೆ, ಒಂದೊಂದಕ್ಕೆ ಹತ್ತು ಹನ್ನೆರಡು ಗ್ರಾಂ ಸಾಕಾಯ್ತು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಸೀಸನ ಬಿಳಿ ಮರದ ಅಂಟಲ್ಲಿ, ಅಂದ್ರೆ ಪಿವಿಎನಲ್ಲಿ ಅಂಟಿಸ್ಬೇಡಿ. ವರ್ಷಗಳು ಕಳೆದ ಹಾಗೆ ಸೀಸ ಅದರ ಜೊತೆ ಸೇರಿ ಬಿಳಿ ಪುಡಿ ಆಗಿ ಉಬ್ಬುತ್ತೆ, ಮಾಡೆಲ್ ಒಳಗಿಂದ ಸೀಳಿ ಹೋಗುತ್ತೆ. ಎಪಾಕ್ಸಿ ಅಂಟು ಹಾಕಿ. ಸೀಸ ಮುಟ್ಟಿದ ಮೇಲೆ ಕೈ ಸೋಪಲ್ಲಿ ತೊಳೀರಿ, ಅದೂ ಮರೀಬೇಡಿ. ಈಗ ಲೋಡ್ ಸಮೇತ 190 ಗ್ರಾಂ ದಾಟಿದೆ, ಶಿಫಾರಸಿಗಿಂತ ಜಾಸ್ತಿನೇ, ಆದ್ರೆ ಖಾಲಿ ಓಡ್ಸಿದ್ರೂ 136 ಇರೋದ್ರಿಂದ ನನಗೆ ಇದೇ ಸರಿ ಹೋಯ್ತು.

ಇನ್ನು ಚಕ್ರ. ಮೂರು ಆಕ್ಸಲ್ ಕೂತಿರೋ ಚೌಕಟ್ಟಿಗೆ ಅಮೆರಿಕದವರು ಟ್ರಕ್ ಅಂತಾರೆ, ರಸ್ತೇಲಿ ಓಡೋ ಟ್ರಕ್ ಜೊತೆ ಗೊಂದಲ ಮಾಡ್ಕೋಬೇಡಿ. ಮೂರರ ಪೈಕಿ ಮಧ್ಯದ ಆಕ್ಸಲ್ಲೇ ಕಿರಿಕಿರಿ. ತಿರುವಲ್ಲಿ ಅದು ಸ್ವಲ್ಪ ಅಡ್ಡಡ್ಡ ಸರಿಯೋ ಹಾಗಿರ್ಬೇಕು, ಹಳಿ ಉಬ್ಬುತಗ್ಗಿಗೆ ತಕ್ಕ ಹಾಗೆ ಮೇಲೆ ಕೆಳಗೆ ಆಡ್ಬೇಕು. ನನ್ನ ಎರಡನೇ ಗಾಡೀಲಿ ಅದು ಬಿಗಿಯಾಗಿತ್ತು, ಹಳಿ ಕವಲೊಡೆಯೋ ಪಾಯಿಂಟ್ಸ್ ಮೇಲೆ ಬಂದಾಗೆಲ್ಲಾ ಏರಿ ಕೂತ್ಕೊಳ್ತಿತ್ತು. ಚಕ್ರದ ಅಂತರ ಗೇಜ್ ಇಟ್ಟು ನೋಡಿದೆ, ಸರಿ ಇತ್ತು, ತಪ್ಪು ಆಕ್ಸಲ್ ತೂತಿನ ಅಚ್ಚಿನಲ್ಲಿ. ಸಣ್ಣ ಅರದಲ್ಲಿ ಕೂದಲೆಳೆಯಷ್ಟು ಉಜ್ಜಿದ ಮೇಲೆ ಆ ಏರೋದು ನಿಂತೇ ಹೋಯ್ತು. ಜೊತೆಗೆ ಹಳೇ ಕ್ರಮ ಒಂದಿದೆ, ಒಂದು ತುದಿ ಟ್ರಕ್ಕಿನ ಸ್ಕ್ರೂ ಬಿಗಿ ಇಟ್ಟು ಅದು ಬರೀ ತಿರುಗೋ ಹಾಗೆ ಮಾಡಿ, ಇನ್ನೊಂದು ತುದೀದು ಸಡಿಲ ಬಿಟ್ಟು ಎಡಬಲಕ್ಕೂ ಓಲಾಡೋ ಹಾಗೆ ಬಿಡೋದು. ಮೂರು ಕಾಲಿನ ಸ್ಟೂಲ್ ಎಂಥಾ ನೆಲದ ಮೇಲೂ ಅಲ್ಲಾಡದೆ ನಿಲ್ಲುತ್ತಲ್ಲ, ಅದೇ ಲೆಕ್ಕ.

ಪೆಟ್ಟಿಗೆ ಮೇಲೆ ತಿರುವಿಗೆ ಕನಿಷ್ಠ 22 ಇಂಚು ತ್ರಿಜ್ಯ ಬೇಕು ಅಂತ ಬರೆದಿದೆ. ಅದು ನಿಜ, ಆದ್ರೆ ಪೂರ್ತಿ ನಿಜ ಅಲ್ಲ. ಗಾಡಿ 22ರಲ್ಲಿ ಹಳಿ ತಪ್ಪದೆ ಓಡುತ್ತೆ, ಪಕ್ಕದ ಹಳೀಲಿ ಇನ್ನೊಂದು ಟ್ಯಾಂಕ್ ರೈಲು ಬಂದಾಗ ಗೊತ್ತಾಗುತ್ತೆ ತೊಂದರೆ. ಏಬ್ರಮ್ಸ್ ನಿಜದಲ್ಲಿ 3.66 ಮೀಟರ್ ಅಗಲ, ಮಾಡೆಲ್‌ನಲ್ಲಿ 42 ಮಿಲಿಮೀಟರ್. ನನ್ನ ಜೋಡಿ ಹಳಿಗಳ ಮಧ್ಯದಿಂದ ಮಧ್ಯಕ್ಕೆ 2 ಇಂಚು, ಅಂದ್ರೆ 51 ಮಿಲಿಮೀಟರ್, ನೇರ ಹಳೀಲಿ 9 ಮಿಲಿಮೀಟರ್ ಬಿಡುವು ಉಳಿಯುತ್ತೆ. ತಿರುವಲ್ಲಿ ಹೊರಗಡೆ ಹಳಿಯ ಗಾಡಿ ನಡು ಒಳಕ್ಕೆ ಬಾಗುತ್ತೆ, ಒಳಗಡೆ ಹಳಿಯ ಗಾಡಿ ತುದಿ ಹೊರಕ್ಕೆ ಚಾಚುತ್ತೆ, ಎರಡೂ ಸೇರಿ ಆ ಬಿಡುವನ್ನ ತಿಂದುಹಾಕ್ತವೆ. ಮೊದಲ ತಿಂಗಳೇ ಎರಡು ಟ್ಯಾಂಕು ಉಜ್ಜಿ ಒಂದರ ಪಕ್ಕದ ತಗಡು ಹಾರಿಹೋಯ್ತು, ಬೇಜಾರಾಗಿ ಆ ದಿನ ಲೇಔಟ್, ಅಂದ್ರೆ ಹಳಿ ಹಾಕಿರೋ ಇಡೀ ಮಾಡೆಲ್, ಆಫ್ ಮಾಡಿಬಿಟ್ಟೆ. ಆಮೇಲೆ ತಿರುವಿನಲ್ಲಿ ಹಳಿ ಎತ್ತಿ 60 ಮಿಲಿಮೀಟರ್ ಮಾಡಿದೆ. ಅಗಲದ ಲೋಡ್ ಓಡ್ಸೋರು ಹಳಿ ಹಾಕೋ ಮುಂಚೆನೇ ಈ ಅಳತೆ ನೋಡ್ಕೊಳ್ಳಿ.

ಗಾಡಿಗಳನ್ನ ಒಂದಕ್ಕೊಂದು ಜೋಡಿಸೋ ಕಪ್ಲರ್ ಬಗ್ಗೆ ಜಾಸ್ತಿ ಇಲ್ಲ, ಜೊತೇಲಿ ಬಂದಿದ್ದು ಪ್ಲಾಸ್ಟಿಕ್, ಎರಡನೇ ವರ್ಷ ಸ್ಪ್ರಿಂಗ್ ಸೋತು ತಲೆ ಬಗ್ಗಿಸ್ತು, ಕೇಡೀ ಕಂಪನಿಯ ಲೋಹದ್ದು ಹಾಕಿದೆ, ಇವತ್ತಿನವರೆಗೂ ಬಿಚ್ಚಿಕೊಂಡಿಲ್ಲ.

ಈಗ ನನಗೆ ಅತಿ ಪ್ರೀತಿಯ ಭಾಗ, ಸರಪಳಿ. ಸೆಟ್‌ನಲ್ಲಿ ಟ್ಯಾಂಕ್ ಹಿಡ್ಕೊಳ್ಳಕ್ಕೆ ಕೊಟ್ಟಿದ್ದು ಕಪ್ಪು ದಾರ. ದೂರದಿಂದ ಪರವಾಗಿಲ್ಲ, ಹತ್ತಿರ ಹೋದ್ರೆ ನೂಲಿನ ಎಳೆ ಎದ್ದಿರೋದು ಕಾಣುತ್ತೆ. ನಿಜವಾದ ಗಾಡಿಗಳಲ್ಲಿ ಟ್ಯಾಂಕಿನ ಕೊಕ್ಕೆಯಿಂದ ಗಾಡಿ ಹಾಸಿಗೆಗೆ, ಅಂದ್ರೆ ಲೋಡ್ ನಿಲ್ಲೋ ಚಪ್ಪಟೆ ತಳಕ್ಕೆ, ಓರೆಯಾಗಿ ದಪ್ಪ ಸರಪಳಿ ಬಿಗಿದಿರ್ತಾರೆ, ಹಿಂದಕ್ಕೂ ಜಾರಬಾರದು ಮುಂದಕ್ಕೂ ಜಾರಬಾರದು ಅಂತ ಎರಡೂ ದಿಕ್ಕಿಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಶರ್ಮನ್ ಟ್ಯಾಂಕುಗಳನ್ನ ಮರದ ಹಾಸಿಗೆ ಮೇಲೆ ನಿಲ್ಲಿಸಿ ಮರದ ದಿಮ್ಮಿ ಮೊಳೆ ಹೊಡೆದು ತಡೀತಿದ್ರು, ಹಾಗಾಗಿ ನೀವು ಯಾವ ಕಾಲದ ರೈಲು ಮಾಡ್ತೀರೋ ಅದರ ಪ್ರಕಾರ ಕಟ್ಟೋ ರೀತಿನೂ ಬದಲಾಗ್ಬೇಕು, 1990ರ ಏಬ್ರಮ್ಸ್ ಕೆಳಗೆ 1943ರ ದಿಮ್ಮಿ ಇಟ್ರೆ ಗೊತ್ತಿರೋರಿಗೆ ಚುಚ್ಚುತ್ತೆ. ನಾನು ಇಂಚಿಗೆ 40 ಕೊಂಡಿ ಬರೋ ಮಾಡೆಲ್ ಸರಪಳಿ ತಂದು ಕಪ್ಪು ಮಾಡೋ ದ್ರಾವಣದಲ್ಲಿ ಅದ್ದಿ ಹಾಕಿದೆ. ಮೊದಲ ಸಲ ಜೋರಾಗಿ ಎಳೆದು ಅಂಟಿಸಿದೆ, ಒಂದು ವಾರದಲ್ಲಿ ಗಾಡಿ ಹಾಸಿಗೆನೇ ಬಿಲ್ಲಿನ ಹಾಗೆ ಬಾಗ್ತು, ಪ್ಲಾಸ್ಟಿಕ್ ತೆಳು ಅಲ್ವಾ. ಎಲ್ಲಾ ಕಿತ್ತು, ನಾನು ಆಗಲೇ ಹೇಳಿದ ಹಿತ್ತಾಳೆ ಪಟ್ಟಿ ಆ ಹೊತ್ತಲ್ಲೇ ಹಾಕಿದ್ದು, ತೂಕಕ್ಕೂ ಆಯ್ತು ಬೆನ್ನೆಲುಬಿಗೂ ಆಯ್ತು. ಈಗ ಸರಪಳಿ ಬಿಗಿ ಕಾಣುತ್ತೆ ಅಷ್ಟೇ, ಎಳೀತಿಲ್ಲ.

ಒಂದು ಗಾಡಿಗೆ ಲೋಡ್ ಪರ್ಮನೆಂಟ್, ಇನ್ನೊಂದರದ್ದು ತೆಗೆಯೋ ಹಾಗಿದೆ. ಟ್ಯಾಂಕ್ ಹೊಟ್ಟೇಲಿ 3 ಮಿಲಿಮೀಟರ್ ಆಯಸ್ಕಾಂತ, ಹಾಸಿಗೆ ಕೆಳಗೆ ತೆಳು ಕಬ್ಬಿಣದ ಪಟ್ಟಿ. ಆಯಸ್ಕಾಂತನ ಆಕ್ಸಲ್ ಮೇಲೆ ಬರೋ ಹಾಗೆ ಇಡಬೇಡಿ, ಆಕ್ಸಲ್ ಉಕ್ಕಿಂದಾಗಿದ್ರೆ ಅದು ಬ್ರೇಕ್ ಹಿಡಿದ ಹಾಗಾಗುತ್ತೆ. ಅದೇ ಗಾಡಿ ಮೇಲೆ ಆಗಾಗ ನಾಲ್ಕು ಹಂವೀ ಜೀಪು ನಿಲ್ಲಿಸ್ತೀನಿ, ಒಂದೊಂದು 52 ಮಿಲಿಮೀಟರ್, ನಾಲ್ಕು ಸಾಲಾಗಿ ಹಿಡಿಯುತ್ತೆ. ಬೇರೆ ಲೋಡ್ ತಗೊಳ್ಳೋವಾಗ ಸ್ಕೇಲ್ ನೋಡಿ. 1:72 ಮಿಲಿಟರಿ ಕಿಟ್ ಸುಲಭವಾಗಿ ಸಿಗುತ್ತೆ, ಚಂದವಾಗೂ ಇರುತ್ತೆ, ಆದ್ರೆ ಅದರ ಏಬ್ರಮ್ಸ್ 51 ಮಿಲಿಮೀಟರ್ ಅಗಲ, ಈ ಗಾಡಿ ಮೇಲೆ ಆನೆ ಮಣೆ ಮೇಲೆ ಕೂತಂಗೆ ಕಾಣುತ್ತೆ. ಡೈಕಾಸ್ಟ್, ಅಂದ್ರೆ ಎರಕದ ಲೋಹದ ಆಟದ ಕಾರುಗಳು ಬಹುಪಾಲು 1:64ರ ಆಸುಪಾಸು, ಅವೂ ಬೇಡ. ಹೆರ್ಪಾ, ವೈಕಿಂಗ್ ಕಂಪನಿಗಳ ಗಾಡಿಗಳು, ಹಳೇ ರೋಕೋ ಮಿನಿಟ್ಯಾಂಕ್ಸ್, ಇವು 1:87.

ಬಣ್ಣ ಪೆಟ್ಟಿಗೆಯಿಂದ ಬಂದಾಗ ಒಂದೇ ಕಂದು, ಹೊಳಪು ಬೇರೆ. ಮ್ಯಾಟ್ ವಾರ್ನಿಷ್ ಹೊಡೆದು ಮೇಲೆ ಆಲ್ಕೋಹಾಲ್‌ನಲ್ಲಿ ಕಲಸಿದ ಕಪ್ಪು ಶಾಯಿ ಬಳಿದೆ, ಬೆಳಗಾಗೋ ಹೊತ್ತಿಗೆ ಪೂರ್ತಿ ಬೂದಿ ಬಿಳಿ ಆಗಿತ್ತು. ಆಲ್ಕೋಹಾಲ್ ಆ ವಾರ್ನಿಷ್ ಮೇಲೆ ಬಿದ್ರೆ ಹಾಗಾಗುತ್ತೆ. ಮತ್ತೆ ವಾರ್ನಿಷ್ ಹೊಡೆದೆ, ಬಿಳಿ ಮಾಯ. ಶಾಯಿ ಮೊದಲು, ವಾರ್ನಿಷ್ ಆಮೇಲೆ, ಅಷ್ಟೇ ಕ್ರಮ.

ತಗೋಬಹುದಾ ಅಂದ್ರೆ, ಕೈಯಲ್ಲಿ ಅರ, ಎಪಾಕ್ಸಿ ಹಿಡಿಯೋ ಮನಸ್ಸಿದ್ರೆ ಖಂಡಿತ ತಗೊಳ್ಳಿ, ಅಚ್ಚಿನ ಕೆಲಸ, ಅಕ್ಷರಗಳು, ಟ್ಯಾಂಕಿನ ವಿವರ ಎಲ್ಲಾ ಇವತ್ತಿಗೂ ನನಗೆ ಖುಷಿ ಕೊಡುತ್ತೆ. ಪೆಟ್ಟಿಗೆ ತೆಗೆದ ಕೂಡಲೇ 18 ಇಂಚು ತಿರುವಲ್ಲಿ ಓಡ್ಸೋಣ ಅನ್ನೋರಿಗೆ ಬೇಡ. ನಾನು ಮೂರನೇದು ತರಿಸಿದೀನಿ, ಪಟ್ಟಿ ಕತ್ತರಿಸಿಟ್ಟಿದೀನಿ, ಈ ಸಲ ಸರಪಳಿಗಿಂತ ಮೊದಲು ಅದನ್ನೇ ಹಾಕ್ತೀನಿ.